ಡೈಕ್‌ನಲ್ಲಿ ಬ್ಲ್ಯಾಕ್ ಡ್ರಮ್ ಮೀನು ಕಚ್ಚುತ್ತದೆ, ಸಿಗುವುದಿಲ್ಲ. ತಲೆ ಕೆಟ್ಟುಹೋಗಿದೆ!

ಗಾಳದ ಗೌಡ: ಮೂರು ಶನಿವಾರ ಹಾಳಾಯಿತು. ಮಾರ್ಚ್ ಬಂದಿದೆ. ಟೆಕ್ಸಾಸ್ ಸಿಟಿ ಡೈಕ್‌ನಲ್ಲಿ (ಕೊಲ್ಲಿಯೊಳಕ್ಕೆ ಚಾಚಿದ ಕಲ್ಲುಕಟ್ಟೆ) ಅಕ್ಕಪಕ್ಕದವರೆಲ್ಲ ಕರುವಿನಷ್ಟು ದೊಡ್ಡ ಡ್ರಮ್ ಎಳೆಯುತ್ತಿದ್ದಾರೆ. ನನ್ನ ರಾಡ್ ತುದಿ ಟಕ್ ಟಕ್ ಅನ್ನುತ್ತದೆ, ಎಳೆದರೆ ಖಾಲಿ. ಗಾಳಕ್ಕೆ ಚುಚ್ಚಿದ ಏಡಿ ಮಾತ್ರ ಜಜ್ಜಿ ಹೋಗಿರುತ್ತದೆ. ಸಾಮಾನೆಲ್ಲ ಸರಿ ಇದೆ, ಅದನ್ನು ಕೇಳಬೇಡಿ.

ಕುಂದಾಪ್ರ ಮಾಣಿ: ನೀರಿನ ಸೆಳೆತ ನೋಡಿದಿರಾ? ನಿಂತ ನೀರಿನಲ್ಲಿ ಹಾಕಿದರೆ ಸುಮ್ನೆ ಕೂತಿರಬೇಕು. ಇಳಿತ ಶುರುವಾಗುವಾಗ ಹಾಕಿ.

ಗಾಳದ ಗೌಡ: ಓಡುವ ನೀರಿಗೇ ಹಾಕಿದ್ದು. ಕಚ್ಚುತ್ತಿದೆ ಅಂದೆನಲ್ಲ ಮಾರಾಯರೇ!

ಕುಂದಾಪ್ರ ಮಾಣಿ: ಕಚ್ಚುವುದು ಬೇರೆ, ನುಂಗುವುದು ಬೇರೆ. ಸೆಳೆತ ಸರಿಯಿದ್ದರೆ ನುಂಗುತ್ತದೆ.

ಜರ್ಸಿ ರಾಯ: ಏಡಿ ಬಿಡಿ, ಕ್ಲ್ಯಾಮ್ (ಚಿಪ್ಪುಮೀನು) ಹಾಕಿ. ನಾವು ಡೆಲವೇರ್ ಕೊಲ್ಲಿಯಲ್ಲಿ ಮೇ ತಿಂಗಳಲ್ಲಿ ಹಾಕುವುದು ಅದನ್ನೇ. 113 ಪೌಂಡ್ 1 ಔನ್ಸ್‌ನ ವಿಶ್ವದಾಖಲೆ ಡ್ರಮ್ 1975ರಲ್ಲಿ ಸಿಕ್ಕಿದ್ದು ಡೆಲವೇರ್‌ನ ಲೂಯಿಸ್‌ನಲ್ಲಿ. ನಿಮ್ಮ ಟೆಕ್ಸಾಸ್‌ನಲ್ಲಿ ಅಲ್ಲ.

ಉಪ್ಪುನೀರು: ರಾಯರೇ, ಅವರು ಕೇಳಿದ್ದು ದಾಖಲೆ ಅಲ್ಲ. ಗೌಡರೇ, ಗಾಳ ಯಾವುದು? ಏಡಿ ಹೇಗೆ ಚುಚ್ಚುತ್ತೀರಿ?

ಗಾಳದ ಗೌಡ: 5/0 ಅಳತೆಯ ಸರ್ಕಲ್ ಹುಕ್. ಇಡೀ ಏಡಿ, ಚಿಪ್ಪಿನ ಸಮೇತ. ಬೀಳದಿರಲಿ ಅಂತ ರಬ್ಬರ್ ದಾರ ಸುತ್ತುತ್ತೇನೆ. ಟಕ್ ಅಂದ ಕೂಡಲೇ ಜೋರಾಗಿ ಎಳೆಯುತ್ತೇನೆ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ ಅಲ್ವಾ?

ಉಪ್ಪುನೀರು: ಇದನ್ನೇ ಮೊದಲು ಹೇಳಬೇಕಿತ್ತು! ಡ್ರಮ್ ಕಣ್ಣಿನಿಂದ ಹುಡುಕುವ ಮೀನಲ್ಲ. ಗಲ್ಲದ ಕೆಳಗಿನ ಮೀಸೆಯಿಂದ ತಳ ತಡವುತ್ತದೆ, ಗಂಟಲಿನ ಚಪ್ಪಟೆ ಹಲ್ಲಿನಲ್ಲಿ ಒಡೆದು ಚಿಪ್ಪು ಉಗುಳುತ್ತದೆ. ನಿಮ್ಮ ಟಕ್ ಟಕ್ ಅದೇ. ಸರ್ಕಲ್ ಹುಕ್‌ನ ಮೊನೆ ಒಳಕ್ಕೆ ತಿರುಗಿದೆ. ಮೀನು ತಿರುಗಿ ನಡೆದಾಗ ಅದು ತಾನಾಗಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳಬೇಕು. ನೀವು ಝಾಡಿಸಿದರೆ ಬಾಯಿಂದ ಹೊರಗೆ ಬರುತ್ತದೆ. ಸಾಲದ್ದಕ್ಕೆ ರಬ್ಬರ್ ಸುತ್ತಿ ಗಾಳದ ಬಾಯಿಯನ್ನೇ ಮುಚ್ಚಿದ್ದೀರಿ.

ಮೇಲಿನ ಚಿಪ್ಪು ಕಿತ್ತು ಕೊಂಬು ಮುರಿಯಿರಿ. ಏಡಿಯನ್ನು ಎರಡು ತುಂಡು ಮಾಡಿ. ಒಂದು ಕಾಲು ಕಿತ್ತು, ಆ ತೂತಿನಿಂದ ಗಾಳ ತೂರಿಸಿ, ಮೊನೆ ಪೂರ್ತಿ ಹೊರಗೆ ಕಾಣಬೇಕು. ಗಾಳ ಇನ್ನೂ ದೊಡ್ಡದು, 8/0 ತೆಗೆದುಕೊಳ್ಳಿ. ಭಾರದ ಗುಂಡು ದಾರದ ಮೇಲೆ ಜಾರುತ್ತಿರಲಿ, ಲೀಡರ್ (ಗಾಳಕ್ಕೆ ಕಟ್ಟುವ ತುದಿ ದಾರ) ಗಿಡ್ಡವಿರಲಿ. ರಾಡ್ ಹೋಲ್ಡರ್‌ನಲ್ಲಿರಲಿ, ಕೈ ಜೇಬಿನಲ್ಲಿರಲಿ. ತುದಿ ಬಗ್ಗಿ ಬಗ್ಗಿಯೇ ಉಳಿದರೆ ಆಗ ರೀಲ್ ಸುತ್ತಿ.

ಜರ್ಸಿ ರಾಯ: ಹೋಲ್ಡರ್ ಅಂದ ಮೇಲೆ ನೆನಪಾಯಿತು. ನನ್ನ 12 ಅಡಿ ಸರ್ಫ್ ರಾಡ್‌ಗಳು ನಾಲ್ಕು, ಅಲ್ಯೂಮಿನಿಯಂ ಗಾಡಿಯಲ್ಲಿ. ದೊಡ್ಡ ಚಕ್ರ, ಮರಳಿನಲ್ಲಿ ಹುಗಿಯುವುದೇ ಇಲ್ಲ. ಫೋಟೋ ಹಾಕಲಾ?

ಕುಂದಾಪ್ರ ಮಾಣಿ: ಡೈಕ್‌ನಲ್ಲಿ ಮರಳು ಎಲ್ಲಿದೆ, ಕಲ್ಲು ಬಂಡೆ ಇರುವುದು.

ಗಾಳದ ಗೌಡ: ಸಿಕ್ಕಿತು!! 41 ಇಂಚು. ಐದು ನಿಮಿಷ ಕೈಕಟ್ಟಿ ನಿಲ್ಲುವುದೇ ಕಷ್ಟವಾಯಿತು. ಎತ್ತಿದಾಗ ಹೊಟ್ಟೆಯೊಳಗಿಂದ ಗುಡು ಗುಡು ಅಂದಿತು, ಅಂಗೈಯೇ ನಡುಗಿತು. ಬಿಟ್ಟೆ. ಹೆಂಡತಿ ಗಸಿ ಮಾಡೋಣ ಅಂದಿದ್ದಳು.

ಉಪ್ಪುನೀರು: ಒಳ್ಳೆಯದೇ ಮಾಡಿದಿರಿ. ಇಲ್ಲಿ ಇಟ್ಟುಕೊಳ್ಳಬಹುದಾದದ್ದು 14ರಿಂದ 30 ಇಂಚು, ದಿನಕ್ಕೆ ಐದು. ಆ ಐದರಲ್ಲಿ ಒಂದು 52 ಇಂಚು ದಾಟಿದ್ದಾಗಬಹುದು. ದೊಡ್ಡವುಗಳ ಮಾಂಸದಲ್ಲಿ ಹುಳವೂ ಜಾಸ್ತಿ. ಗಸಿಗೆ ಚಿಕ್ಕದೇ ಸರಿ.

ಕುಂದಾಪ್ರ ಮಾಣಿ: ಇದು ನಮ್ಮ ಊರಿನ ಕಲ್ಲೂರು ಮೀನಿನ ನೆಂಟ. ತಲೆಯಲ್ಲಿ ಕಲ್ಲು ಇದೆ ನೋಡಿ. ಅಂದಹಾಗೆ ಆವತ್ತು ಸೆಳೆತ ಯಾವ ಕಡೆಗಿತ್ತು?

ಜರ್ಸಿ ರಾಯ: ನೆಂಟ ಆದರೆ ರುಚಿಯೂ ಅದೇ ಇರಬೇಕಲ್ಲ? ಕಲ್ಲೂರು ಎಲ್ಲಿ, ಇದು ಎಲ್ಲಿ.

ಗಾಳದ ಗೌಡ: ಜಗಳ ಬಿಡಿ. ಬೈಟ್ ಅಂಗಡಿಯಲ್ಲಿ ಏಡಿ ಬೆಳಿಗ್ಗೆಯೇ ಖಾಲಿ. ಬೇರೆ ಎಲ್ಲಿ ಸಿಗುತ್ತದೆ?

ಉಪ್ಪುನೀರು: ಏಷ್ಯನ್ ಅಂಗಡಿಗಳ ಮೀನಿನ ಕೌಂಟರ್‌ನಲ್ಲಿ ಜೀವಂತ ನೀಲಿ ಏಡಿ ಸಿಗುತ್ತದೆ. ತಂದದ್ದನ್ನು ಮನೆ ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ನಾನು ಶನಿವಾರ ಎದ್ದು ನೋಡಿದಾಗ ಸುಕ್ಕಾ ಆಗಿತ್ತು.