ಹೆಡ್ ಫೇಸಿಂಗ್ ಮಾಡಿಸಿದ ಬುಲೆಟ್ 500ಕ್ಕೆ ಪುಶ್‌ರಾಡ್ ಉದ್ದವನ್ನು ಅಳೆಯುವುದು ಹೇಗೆ?

ತುಂಗಾತೀರ, ತೀರ್ಥಹಳ್ಳಿ

ನನ್ನದು ಯುಸಿಇ (ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್‌ನ ಬುಲೆಟ್ 500. ಬೋರ್ 84 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಮೊದಲಿನಿಂದ ಇದ್ದ 8.5ರ ಕಂಪ್ರೆಷನ್ ಏರಿಸಬೇಕೆಂದು ಈ ಮಳೆಗಾಲದಲ್ಲಿ ಎಂಜಿನ್ ಬಿಚ್ಚಿ ಹೆಡ್‌ನ ತಳವನ್ನು 0.8 ಮಿ.ಮೀ. ಸವೆಸಿ ಫೇಸಿಂಗ್ ಮಾಡಿಸಿದೆ. ಹಳೆಯದಕ್ಕಿಂತ 0.2 ಮಿ.ಮೀ. ತೆಳುವಾದ ಗ್ಯಾಸ್ಕೆಟ್ ಹಾಕಿ, ವಾಲ್ವ್ ಸೀಟುಗಳನ್ನು ಹೊಸದಾಗಿ ಕತ್ತರಿಸಿ, ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಹೆಚ್ಚು ಬರುವಂತೆ ಗ್ರೈಂಡ್ ಮಾಡಿಸಿದ ಕ್ಯಾಮ್‌ಗಳನ್ನು ಕೂರಿಸಿದೆ. ಇಷ್ಟೆಲ್ಲ ಬದಲಾದ ಮೇಲೆ, ಕ್ಯಾಮ್‌ನ ಚಲನೆಯನ್ನು ಮೇಲಿನ ವಾಲ್ವ್‌ಗೆ ಮುಟ್ಟಿಸುವ ಹಳೆಯ ಪುಶ್‌ರಾಡ್ ಹೊಂದುವುದಿಲ್ಲವೆಂದು ಅಡ್ಜಸ್ಟ್ ಮಾಡಬಹುದಾದ ಉಕ್ಕಿನ ರಾಡ್‌ಗಳನ್ನು ತರಿಸಿಕೊಂಡೆ. ಅವುಗಳಿಗೆ ಇಂಚಿಗೆ 24 ಎಳೆಯ ಥ್ರೆಡ್ ಇದೆ.

ನಾನು ಕೆಲಸ ಕಲಿತದ್ದು ದೊಡ್ಡಪ್ಪನವರ ಹಳೆಯ ಕಬ್ಬಿಣದ ಬೋರಿನ 350 ಗಾಡಿಯಲ್ಲಿ. ಪಿಸ್ಟನ್ ಅನ್ನು ಕಂಪ್ರೆಷನ್ ಟಿಡಿಸಿಗೆ, ಅಂದರೆ ಎರಡೂ ವಾಲ್ವ್ ಮುಚ್ಚಿರುವ ಮೇಲಿನ ತುದಿಗೆ ತಂದು, ಟ್ಯಾಪೆಟ್ ಕವರ್ ತೆಗೆದು, ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು ಎಂಬುದು ಅಲ್ಲಿಯ ಲೆಕ್ಕ. ಇಲ್ಲಿಯೂ ಹಾಗೆಯೇ ಹೊಂದಿಸಿದೆ. ಬೆಳಿಗ್ಗೆ ಶುರು ಮಾಡಿದಾಗ ಸದ್ದೇ ಇರುವುದಿಲ್ಲ, ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಹೆಡ್‌ನಿಂದ ಟಕ್ ಟಕ್ ಎಂಬ ಸದ್ದು ಶುರುವಾಗಿ ಮನೆ ಸೇರುವವರೆಗೂ ನಿಲ್ಲುವುದಿಲ್ಲ. ರಾಡ್ ಉದ್ದ ತಪ್ಪಿದೆಯೇ, ತಪ್ಪಿದ್ದರೆ ಸರಿಯಾದ ಉದ್ದವನ್ನು ಅಳೆಯುವ ಕ್ರಮವೇನು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಲೇತ್ ಮನೆ, ಸಾಗರ

ಸರ್, ನೀವು ಹೇಳಿದ ಲಕ್ಷಣದಲ್ಲಿಯೇ ಉತ್ತರವಿದೆ. ಕಬ್ಬಿಣದ ಬೋರಿನ ಗಾಡಿಯಲ್ಲಿ ಕ್ಯಾಮ್ ಮತ್ತು ರಾಡ್ ನಡುವೆ ಇರುವುದು ಗಟ್ಟಿ ಟ್ಯಾಪೆಟ್, ಹಾಗಾಗಿ ಬೆರಳಿನ ಲೆಕ್ಕ ಅಲ್ಲಿಗೆ ಸರಿ. ಯುಸಿಇಯಲ್ಲಿ ಇರುವುದು ಎಣ್ಣೆ ತುಂಬಿದ ಹೈಡ್ರಾಲಿಕ್ ಟ್ಯಾಪೆಟ್. ಅದರೊಳಗೆ ಸಣ್ಣ ಸ್ಪ್ರಿಂಗಿನ ಮೇಲೆ ಕುಳಿತ ಪ್ಲಂಜರ್ ಇರುತ್ತದೆ, ರಾಡ್ ಅದನ್ನು ಸ್ವಲ್ಪ ಒಳಕ್ಕೆ ಒತ್ತಿಕೊಂಡಿರಬೇಕು. ಆಟ ತಪ್ಪಿದ ಕೂಡಲೇ ನೀವು ನಿಲ್ಲಿಸಿದ್ದೀರಿ, ಅಂದರೆ ಪ್ಲಂಜರ್ ತನ್ನ ಮೇಲಿನ ಕೊನೆಯಲ್ಲಿಯೇ ಇದೆ, ಇನ್ನು ಮೇಲೇರಲು ಅದಕ್ಕೆ ಜಾಗವಿಲ್ಲ. ಅಲ್ಯೂಮಿನಿಯಂ ಬೋರ್ ಮತ್ತು ಹೆಡ್ ಕಾದಾಗ ಉಕ್ಕಿನ ರಾಡ್‌ಗಿಂತ ಹೆಚ್ಚು ಹಿಗ್ಗುತ್ತವೆ. ಒಂದು ಡಿಗ್ರಿಗೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗಿದರೆ ಉಕ್ಕು ಹಿಗ್ಗುವುದು 12 ಭಾಗ. 150 ಮಿ.ಮೀ. ಎತ್ತರವು 80 ಡಿಗ್ರಿ ಹೆಚ್ಚು ಕಾದರೆ ಇವೆರಡರ ನಡುವೆ 0.13 ಮಿ.ಮೀ. ಸಂದು ಬೀಳುತ್ತದೆ. ಘಾಟಿ ಹತ್ತಿದ ಮೇಲೆ ನೀವು ಕೇಳುತ್ತಿರುವುದು ಆ ಸಂದಿನ ಸದ್ದನ್ನೇ.

ಅಳೆಯುವಾಗ ರಾಡನ್ನು ತಿರುಗಿಸಿ ನೋಡಬೇಡಿ. ಟ್ಯಾಪೆಟ್ ಒಳಗಿನ ಸ್ಪ್ರಿಂಗ್ ಮೆತ್ತಗಿರುವುದರಿಂದ ಪ್ಲಂಜರ್ ಒಳಕ್ಕೆ ಹೋದ ಮೇಲೂ ರಾಡ್ ತಿರುಗುತ್ತಲೇ ಇರುತ್ತದೆ, ಬಿಗಿಯಾಗುವವರೆಗೆ ಉದ್ದ ಮಾಡುತ್ತಾ ಹೋದರೆ ಪ್ಲಂಜರ್ ತಳ ಮುಟ್ಟಿ ವಾಲ್ವ್ ಸೀಟಿನಿಂದ ಎದ್ದೇ ನಿಲ್ಲುತ್ತದೆ. ಆಗ ಕಂಪ್ರೆಷನ್ ಹೋಗುತ್ತದೆ, ಹಾಗೆಯೇ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ರಾಡನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸುತ್ತಾ ಎಳೆ ಎಳೆಯಾಗಿ ಉದ್ದ ಮಾಡಿ. ಆ ಆಟ ಮೊದಲ ಬಾರಿಗೆ ಇಲ್ಲವಾದ ಜಾಗವೇ ಸೊನ್ನೆ. ಅಲ್ಲಿಂದ ಮುಂದೆ ಒತ್ತಡಕ್ಕೆಂದು ಸಾಮಾನ್ಯವಾಗಿ ಅರ್ಧದಿಂದ ಒಂದು ಮಿ.ಮೀ. ಕೊಡುತ್ತಾರೆ, ಟ್ಯಾಪೆಟ್ ತಯಾರಿಸಿದವರು ಬೇರೆ ಅಳತೆ ಹೇಳಿದ್ದರೆ ಅದೇ ಅಂತಿಮ. ನಿಮ್ಮ ಥ್ರೆಡ್‌ನಲ್ಲಿ ಒಂದು ಸುತ್ತಿಗೆ 1.06 ಮಿ.ಮೀ. ಆಗುವುದರಿಂದ ಮುಕ್ಕಾಲು ಸುತ್ತು ಕೊಟ್ಟರೆ ಸುಮಾರು 0.8 ಮಿ.ಮೀ. ಸಿಗುತ್ತದೆ.

ಇದರಲ್ಲಿ ಒಂದು ಅಪಾಯವಿದೆ. ಎಣ್ಣೆ ತುಂಬಿದ ಟ್ಯಾಪೆಟ್ ತಕ್ಷಣ ಕುಗ್ಗುವುದಿಲ್ಲ, ಆದ್ದರಿಂದ ಮುಕ್ಕಾಲು ಸುತ್ತು ಕೊಟ್ಟ ಕೂಡಲೇ ವಾಲ್ವ್ ತೆರೆದುಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಕಿಕ್ಕರ್ ಮೇಲೆ ಕಾಲಿಟ್ಟರೆ ವಾಲ್ವ್ ಪಿಸ್ಟನ್‌ಗೆ ತಗಲಬಹುದು. ಎಣ್ಣೆ ಸೋರಿ ರಾಡ್ ಮತ್ತೆ ಬೆರಳಿನಲ್ಲಿ ತಿರುಗುವವರೆಗೂ ಎಂಜಿನ್ ಅಲ್ಲಾಡಿಸಬೇಡಿ, ಅರ್ಧ ಗಂಟೆಯಾದರೂ ಕಾಯಿರಿ.

ಆಟೋ ಕಾಂಪ್ಲೆಕ್ಸ್, ಶಿವಮೊಗ್ಗ

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಸೇರಿಸಬೇಕಾದದ್ದು ಇಷ್ಟಿದೆ. ಫೇಸಿಂಗ್ ಎಷ್ಟು ಮಾಡಿಸಿದೆವೋ ರಾಡನ್ನೂ ಅಷ್ಟೇ ಕಿರಿದು ಮಾಡಿದರಾಯಿತು ಎಂಬ ಮಾತನ್ನು ನಮ್ಮ ಕಡೆ ಬಹಳ ಮಂದಿ ನಂಬಿದ್ದಾರೆ, ಅದನ್ನು ನಂಬಿ ಕೆಟ್ಟ ಎಂಜಿನ್‌ಗಳನ್ನು ನಾನು ಬಿಚ್ಚಿದ್ದೇನೆ. ನಿಮ್ಮದೇ ಲೆಕ್ಕ ನೋಡಿ. ಹೆಡ್ 0.8, ಗ್ಯಾಸ್ಕೆಟ್ 0.2 ಇಳಿದದ್ದರಿಂದ ರಾಡ್ ಎತ್ತಿದಾಗ ವಾಲ್ವ್ ಒತ್ತುವ ರಾಕರ್ ಒಂದು ಮಿ.ಮೀ. ಕೆಳಗೆ ಬಂದಿದೆ. ಸೀಟು ಕತ್ತರಿಸಿದಾಗ ವಾಲ್ವ್ 0.3 ಒಳಗೆ ಹೋಗಿದೆ ಎಂದುಕೊಂಡರೆ ಅದರ ತುದಿ ಅಷ್ಟೇ ಮೇಲೇಳುತ್ತದೆ, ರಾಕರ್‌ನ ರಾಡ್ ಬದಿ ಕೆಳಗಿಳಿಯುತ್ತದೆ. ರಾಕರ್ ಅನುಪಾತ (ರಾಡ್ ಬದಿಗಿಂತ ವಾಲ್ವ್ ಬದಿ ಎಷ್ಟು ಪಟ್ಟು ಚಲಿಸುತ್ತದೆ ಎಂಬುದು) 1.25 ಇದ್ದರೆ ರಾಡ್ ಇನ್ನೂ 0.24 ಕಿರಿದಾಗಬೇಕು. ಆದರೆ ಕ್ಯಾಮ್ ಗ್ರೈಂಡ್ ಮಾಡುವಾಗ ಅದರ ಕೆಳಗಿನ ದುಂಡು ಭಾಗವನ್ನೇ ಸವೆಸಿ ಲಿಫ್ಟ್ ಪಡೆಯುತ್ತಾರೆ. ಅಲ್ಲಿ ತ್ರಿಜ್ಯ 0.9 ಕಡಿಮೆಯಾಗಿದ್ದರೆ ರಾಡ್ ಅಷ್ಟೇ ಉದ್ದವಾಗಬೇಕು. ಎಲ್ಲ ಕೂಡಿಸಿದರೆ ಬೇಕಾಗಿರುವುದು 0.34 ಮಾತ್ರ ಕಿರಿದಾದ ರಾಡ್. ಒಂದು ಮಿ.ಮೀ. ಕತ್ತರಿಸಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ. ಲೆಕ್ಕವು ದಾರಿ ತೋರಿಸುತ್ತದೆ, ಆದರೆ ಕೊನೆಯ ಮಾತು ಅಳತೆಯದ್ದೇ. ಅದನ್ನೂ ಓಡಿಸುವಾಗ ಇರುವ ಗ್ಯಾಸ್ಕೆಟ್ ಹಾಕಿ, ಹೆಡ್ ಬೋಲ್ಟ್‌ಗಳನ್ನು ಪೂರ್ತಿ ಟಾರ್ಕ್‌ಗೆ ಬಿಗಿದ ಮೇಲೆಯೇ ಮಾಡಬೇಕು.

ಎಕ್ಸಾಸ್ಟ್ ಕ್ಯಾಮ್‌ನಲ್ಲಿ ಶುರು ಮಾಡುವಾಗ ವಾಲ್ವ್ ಅನ್ನು ತುಸು ಎತ್ತುವ ಡಿಕಂಪ್ರೆಸರ್ ಇರುವುದರಿಂದ ಟಿಡಿಸಿ ಗುರುತೊಂದನ್ನೇ ನಂಬಬೇಡಿ. ಟ್ಯಾಪೆಟ್ ಮೇಲೆ ಡಯಲ್ ಗೇಜ್ ಇಟ್ಟು, ಮುಳ್ಳು ತೀರಾ ಕೆಳಗೆ ಹೋಗಿ ಅಲುಗದೆ ನಿಂತ ಜಾಗದಲ್ಲಿ ಸೊನ್ನೆ ಹುಡುಕಿ. ಎರಡು ರಾಡ್‌ಗಳನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ವಾಲ್ವ್ ತುದಿಯ ಗುರುತನ್ನೂ ನೋಡಿ. ಈ ಪರೀಕ್ಷೆಯ ಮಟ್ಟಿಗೆ ವಾಲ್ವ್ ಸ್ಪ್ರಿಂಗ್ ಬದಲಿಗೆ ಮೆತ್ತನೆಯ ಸ್ಪ್ರಿಂಗ್ ಹಾಕಿ, ಇಲ್ಲವಾದರೆ ಟ್ಯಾಪೆಟ್ ಕುಗ್ಗಿ ಲಿಫ್ಟ್ ಸುಳ್ಳು ತೋರಿಸುತ್ತದೆ. ತುದಿಗೆ ಮಾರ್ಕರ್ ಶಾಯಿ ಬಳಿದು ಎರಡು ಸುತ್ತು ತಿರುಗಿಸಿದರೆ ರಾಕರ್ ಉಜ್ಜಿದ ಕಡೆ ಶಾಯಿ ಹೋಗಿ ಲೋಹ ಹೊಳೆಯುತ್ತದೆ. ಆ ಪಟ್ಟಿ ಸಣ್ಣದಾಗಿ ನಡುವಿನ ಹತ್ತಿರ ಇರಬೇಕು. ಅಂಚಿಗೆ ಸರಿದಿದ್ದರೆ ನಿಮ್ಮ ಎಂಜಿನ್‌ನಲ್ಲಿ ಅದನ್ನು ರಾಡ್ ಉದ್ದದಿಂದ ಸರಿಪಡಿಸಲು ಆಗುವುದಿಲ್ಲ, ಏಕೆಂದರೆ ರಾಕರ್ ಶಾಫ್ಟ್ ಕೂರುವ ಎತ್ತರ ಮೊದಲೇ ನಿಗದಿಯಾಗಿರುತ್ತದೆ. ಕಾರಿನ ವಿ8 ಎಂಜಿನ್‌ಗಳಲ್ಲಿ ಸ್ಟಡ್ ಮೇಲೆ ಕೂತ ರಾಕರ್‌ಗೆ ರಾಡ್ ಉದ್ದವೇ ಈ ಗುರುತನ್ನು ನಿರ್ಧರಿಸುತ್ತದೆ, ಅಲ್ಲಿಯ ಸಲಹೆಯನ್ನು ಹಾಗೆಯೇ ಇಲ್ಲಿಗೆ ತಂದರೆ ದಾರಿ ತಪ್ಪುತ್ತದೆ. ಲಿಫ್ಟ್ ಹೆಚ್ಚಿಸಿ ಹೆಡ್ ಇಳಿಸಿದ್ದರಿಂದ ಪಿಸ್ಟನ್ ಮೇಲೆ ಮಕ್ಕಳ ಆಟದ ಕ್ಲೇ ಇಟ್ಟು ತಿರುಗಿಸಿ ಅದರ ದಪ್ಪವನ್ನೂ ಅಳೆಯಿರಿ. ಇನ್‌ಲೆಟ್ ಕಡೆ 2, ಎಕ್ಸಾಸ್ಟ್ ಕಡೆ 2.5 ಮಿ.ಮೀ. ಉಳಿದರೆ ನೆಮ್ಮದಿ.

ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಸಂಜೆ ಕುಳಿತು ಅಳೆದೆ. ಎಕ್ಸಾಸ್ಟ್ ರಾಡ್‌ನ ಸೊನ್ನೆಯು ಇನ್‌ಲೆಟ್‌ಗಿಂತ ಕಾಲು ಸುತ್ತು ಮೊದಲೇ ಬಂತು. ಆ ಸೀಟನ್ನು ಹೆಚ್ಚು ಕತ್ತರಿಸಿದ್ದು ಆಗ ನೆನಪಾಯಿತು. ಎರಡಕ್ಕೂ ಮುಕ್ಕಾಲು ಸುತ್ತು ಕೊಟ್ಟು, ಕಾದು, ಲಾಕ್ ನಟ್ ಬಿಗಿದೆ. ಕ್ಲೇ ಇನ್‌ಲೆಟ್ ಕಡೆ 2.3, ಎಕ್ಸಾಸ್ಟ್ ಕಡೆ 2.6 ತೋರಿಸಿತು. ನಿನ್ನೆ ಮಳೆಯಲ್ಲಿಯೇ ಘಾಟಿ ಇಳಿದು ಹತ್ತಿ ಬಂದೆ, ಆಗುಂಬೆಯಲ್ಲಿ ಗಾಡಿ ನಿಲ್ಲಿಸಿ ಕಿವಿಗೊಟ್ಟರೂ ಟಕ್ ಟಕ್ ಇರಲಿಲ್ಲ. ಮುಂದೆ ಇದೇ ಉದ್ದಕ್ಕೆ ಒಂದೇ ತುಂಡಿನ ರಾಡ್ ಮಾಡಿಸುವುದಾದರೆ ವರ್ನಿಯರ್‌ನಲ್ಲಿ ತುದಿಯಿಂದ ತುದಿಗೆ ಅಳೆದು ಕೊಟ್ಟರೆ ಸಾಕೇ?

ಲೇತ್ ಮನೆ, ಸಾಗರ

ಸಾಲದು ಸರ್. ತುದಿಯ ಗುಂಡಿನಲ್ಲಿ ಎಣ್ಣೆಯ ತೂತು ಇದ್ದರೆ ಆ ಜಾಗದಲ್ಲಿ ಗುಂಡಿನ ನೆತ್ತಿಯೇ ಇರುವುದಿಲ್ಲ, ಅದರಿಂದಾಗಿ ವರ್ನಿಯರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಹೊಸ ರಾಡಿನ ತೂತು ಬೇರೆ ಅಳತೆಯದಾದರೆ ಉದ್ದವೂ ಬೇರೆಯಾಗುತ್ತದೆ. ಲಾಕ್ ನಟ್ ಸಡಿಲಿಸದೆ ಎರಡೂ ರಾಡ್‌ಗಳನ್ನು ಇನ್‌ಲೆಟ್, ಎಕ್ಸಾಸ್ಟ್ ಎಂದು ಚೀಟಿ ಕಟ್ಟಿ ಕೆಲಸದವರ ಕೈಗೇ ಕೊಡಿ. ಅದೇ ಟ್ಯಾಪೆಟ್ ಬಟ್ಟಲಿನಲ್ಲಿ ಕೂರಿಸಿ ಹೋಲಿಸಿ ನೋಡಲು ಅವರಿಗೆ ಹೇಳಿ.