ಟ್ರಿಗರ್ ಹಗುರಾಯ್ತು, ಗುಂಡು ಹಾರ್ತಿಲ್ಲ: .32 ರಿವಾಲ್ವರ್‌ಗೆ ಯಾವ ಸ್ಪ್ರಿಂಗ್ ಹಾಕಿಸಲಿ?

ಚಿಂಚವಡದವ:
ಎಲ್ಲರಿಗೂ ನಮಸ್ಕಾರ. ಅಪ್ಪನ ನಂತರ ನನ್ನ ಲೈಸೆನ್ಸಿಗೆ ಬಂದಿರೋ ಹಳೇ ಸ್ಮಿತ್ ಆಂಡ್ ವೆಸನ್ .32 ಲಾಂಗ್ ರಿವಾಲ್ವರ್ ಇದೆ, ಆರು ಗುಂಡಿನದು. ಡಬಲ್ ಆಕ್ಷನ್‌ನಲ್ಲಿ (ಟ್ರಿಗರಿನ ಒಂದೇ ಎಳೆತಕ್ಕೆ ಹ್ಯಾಮರ್ ಎದ್ದು ಬೀಳೋ ರೀತಿ) ಎಳೆಯೋದು ವಿಪರೀತ ಬಿಗಿ ಅನ್ನಿಸಿ ಹೋದ ವರ್ಷ ಒಬ್ಬ ರಿಪೇರಿಯವರ ಕೈಗೆ ಕೊಟ್ಟಿದ್ದೆ. ವಾಪಸ್ ಬಂದಾಗ ಟ್ರಿಗರ್ ಬೆಣ್ಣೆ ಹಾಗಿತ್ತು. ಆದರೆ ರೇಂಜಿನಲ್ಲಿ ಆರಕ್ಕೆ ಒಂದೆರಡು ಹಾರೋದೇ ಇಲ್ಲ. ಪ್ರೈಮರ್ (ಕಾಡತೂಸಿನ ತಳದಲ್ಲಿ ಏಟಿಗೆ ಹತ್ತಿಕೊಳ್ಳೋ ಸಣ್ಣ ಬಟ್ಟಲು) ಮೇಲೆ ಗುರುತು ಬೀಳುತ್ತೆ, ಆದರೆ ಆಳ ಇಲ್ಲ. ವುಲ್ಫ್ ಕಂಪನಿಯ 8 ಪೌಂಡಿನ ಮೇನ್‌ಸ್ಪ್ರಿಂಗ್ (ಹ್ಯಾಮರಿಗೆ ಬಲ ಕೊಡೋದು) ಒಳ್ಳೇದು ಅಂತ ಓದಿದೆ. ಅದನ್ನೇ ಹಾಕಿಸಿದರೆ ಸರಿಹೋಗುತ್ತಾ?

ಗುರಿಕಾರ, ಪುಣೆ:
ತಡೀರಿ, ಸ್ಪ್ರಿಂಗ್ ಆಮೇಲೆ ನೋಡೋಣ. ಎರಡು ವಿಷಯ ಹೇಳಿ. ಹಾರದ ಕಾಡತೂಸಿಗೆ ಎರಡನೇ ಏಟು ಕೊಟ್ಟರೆ ಹಾರುತ್ತಾ? ಗ್ರಿಪ್ ಬಿಚ್ಚಿದರೆ ಒಳಗೆ ಸುರುಳಿ ಸ್ಪ್ರಿಂಗ್ ಇದೆಯಾ, ಚಪ್ಪಟೆ ಪಟ್ಟಿನಾ? ಈ ಸಾಲಿನ ಸಣ್ಣ .32ಗಳಲ್ಲಿ 1953ಕ್ಕೆ ಮುಂಚೆ ಪಟ್ಟಿ ಸ್ಪ್ರಿಂಗ್ ಇತ್ತು, ಆಮೇಲೆ ಸುರುಳಿ ಬಂತು. ಪಟ್ಟಿಯದಾದರೆ ಹಿಡಿಯ ಮುಂಭಾಗದಲ್ಲಿ ಅದನ್ನು ಒತ್ತಿ ಹಿಡಿಯೋ ಸ್ಕ್ರೂ ಕಾಣುತ್ತೆ. ಎಷ್ಟೋ ಸಲ ಆ ಸ್ಕ್ರೂ ಸಡಿಲ ಆಗಿರೋದೇ ಇಡೀ ಕಾಯಿಲೆ.

ಇನ್ನೊಂದು ಮಾತು, ಹಾರಲಿಲ್ಲ ಅಂತ ತಕ್ಷಣ ಸಿಲಿಂಡರ್ ತೆರೆಯಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ಪ್ರೈಮರ್ ತಡವಾಗಿ ಹತ್ತಿಕೊಳ್ಳೋದುಂಟು.

ಚಿಂಚವಡದವ:
ಖಾಲಿ ಇದೆ ಅಂತ ಎರಡೆರಡು ಸಲ ನೋಡಿಕೊಂಡೇ ಗ್ರಿಪ್ ಬಿಚ್ಚಿದೆ. ಸುರುಳಿ ಸ್ಪ್ರಿಂಗೇ ಇದೆ. ಒಂದು ತುದಿ ನೀಟಾಗಿ ಮಟ್ಟಸ ಇದೆ, ಇನ್ನೊಂದು ತುದಿಯಲ್ಲಿ ತಂತಿ ಓರೆಯಾಗಿ ಹೊರಚಾಚಿದೆ. ಕಟಿಂಗ್ ಪ್ಲೈಯರ್ ಬಿದ್ದ ಹಾಗೆ ಗುರುತಿದೆ. ಎರಡನೇ ಏಟಿಗೆ ಹೆಚ್ಚಿನವು ಹಾರುತ್ತವೆ.

ಗುರಿಕಾರ, ಪುಣೆ:
ಅಲ್ಲೇ ಇದೆ ನೋಡಿ ರೋಗ. ಕಾರ್ಖಾನೆಯಿಂದ ಬಂದ ಸುರುಳಿಯ ಎರಡೂ ತುದಿ ಮಡಚಿ, ಅರೆದು ಮಟ್ಟಸ ಮಾಡಿರ್ತಾರೆ. ನಿಮ್ಮದನ್ನು ಯಾರೋ ಒಂದೆರಡು ಸುತ್ತು ಕತ್ತರಿಸಿದ್ದಾರೆ. ಕತ್ತರಿಸಿದಾಗ ಸ್ಪ್ರಿಂಗ್ ಗಿಡ್ಡ ಆಗುತ್ತೆ, ಅದರ ಮೇಲಿನ ಆರಂಭದ ಒತ್ತಡ ಇಳಿಯುತ್ತೆ, ಹ್ಯಾಮರ್ ಬೀಳೋ ಜೋರು ಕಡಿಮೆಯಾಗುತ್ತೆ. ಓರೆ ತುದಿ ಒಳಗಿನ ಕಡ್ಡಿಗೆ ಉಜ್ಜುವುದು ಬೇರೆ. ಇಂಥ ಕೆಲಸವನ್ನು "ಟ್ರಿಗರ್ ಜಾಬ್" ಅಂತ ಕರೆಯೋದು ನನಗೆ ಒಂಚೂರೂ ಒಪ್ಪಿಗೆಯಿಲ್ಲ.

ಈಗ 8 ಪೌಂಡಿನ ಪ್ರಶ್ನೆ. ಪ್ಯಾಕೆಟ್ ಮೇಲಿನ ಪೌಂಡು ಸ್ಪ್ರಿಂಗಿನ ಬಲ, ನಿಮ್ಮ ಬೆರಳಿಗೆ ಸಿಗೋ ಟ್ರಿಗರ್ ತೂಕ ಅಲ್ಲ. 8 ಹಾಕಿದ ಮಾತ್ರಕ್ಕೆ 8 ಪೌಂಡಿನ ಟ್ರಿಗರ್ ಬರಲ್ಲ. ಅದು ಹಗುರ ಮಾಡಿದ ಸ್ಪ್ರಿಂಗ್. ವಿದೇಶದಲ್ಲಿ ಅದನ್ನು ಹೊಗಳುವವರಲ್ಲಿ ಎಷ್ಟೋ ಜನ ಫೆಡರಲ್‌ನಂಥ ಮೆತ್ತನೆ ಪ್ರೈಮರ್ ಬಳಸುವವರು. ನೀವು ಹಾರಿಸೋದು ಇಲ್ಲಿ ಲೈಸೆನ್ಸಿಗೆ ಸಿಗೋ ಕಾಡತೂಸು. ಆ ಕಾಡತೂಸಿನ ಜೊತೆ ಪರೀಕ್ಷೆಯಾಗದೆ ಯಾವ ಸ್ಪ್ರಿಂಗೂ "ಒಳ್ಳೇದು" ಅಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಪೂರ್ಣ ಬಲದ ಮೇನ್‌ಸ್ಪ್ರಿಂಗ್ ವಾಪಸ್ ಹಾಕಿಸಿ, ಎಲ್ಲವೂ ಮೊದಲ ಏಟಿಗೇ ಹಾರುತ್ತವೆಯೇ ನೋಡ್ತಿದ್ದೆ. ಆಗಲೂ ತಪ್ಪಿದರೆ ಸ್ಪ್ರಿಂಗ್ ಬಿಟ್ಟು ಬೇರೆ ಕಡೆ ಹುಡುಕಬೇಕು: ಹಳೇ ಎಣ್ಣೆ ಅಂಟಂಟಾಗಿ ಗಟ್ಟಿಯಾಗಿರಬಹುದು, ಹ್ಯಾಮರಿನ ಮೂತಿ ಸವೆದಿರಬಹುದು, ಮುಚ್ಚಿದ ಸಿಲಿಂಡರ್ ಹಿಂದೆ ಮುಂದೆ ಅಲ್ಲಾಡುತ್ತಿರಬಹುದು. ಅಲ್ಲಾಡಿದರೆ ಏಟು ಬಿದ್ದಾಗ ಕಾಡತೂಸು ಮುಂದಕ್ಕೆ ಸರಿದು ಅರ್ಧ ಜೋರು ಅಲ್ಲೇ ಹೋಗುತ್ತೆ.

ಹಗುರ ಮಾಡಬೇಕಾದ್ದು ಇನ್ನೊಂದು ಸ್ಪ್ರಿಂಗನ್ನು. ಟ್ರಿಗರಿನ ಹಿಂದೆ ರಿಬೌಂಡ್ ಸ್ಲೈಡ್ ಅನ್ನೋ ಸಣ್ಣ ಉಕ್ಕಿನ ತುಂಡು ಇದೆ, ಅದರ ಹೊಟ್ಟೆಯೊಳಗಿರೋ ಸ್ಪ್ರಿಂಗ್ ಟ್ರಿಗರನ್ನು ಮುಂದಕ್ಕೆ ತಳ್ಳುತ್ತೆ. ಕಾರ್ಖಾನೆಯದು ಸುಮಾರು 18 ಪೌಂಡ್. ಅದನ್ನು 15ಕ್ಕೆ ಇಳಿಸಿದರೆ ಬೆರಳಿಗೆ ಗೊತ್ತಾಗುವಷ್ಟು ಹಗುರ, ಹ್ಯಾಮರಿನ ಏಟಿಗೆ ಧಕ್ಕೆಯಿಲ್ಲ. 13 ಕೂಡ ಸಿಗುತ್ತೆ, ನಾನಂತೂ ಬೇಡ ಅಂತೀನಿ. ಟ್ರಿಗರ್ ಸೋಮಾರಿಯಾಗಿ ಹಿಂತಿರುಗುತ್ತೆ, ಅವಸರದಲ್ಲಿ ಪೂರ್ತಿ ಮುಂದೆ ಬರೋಕೆ ಮುಂಚೆ ಮತ್ತೆ ಎಳೆದರೆ ಆಕ್ಷನ್ ಸಿಕ್ಕಿಹಾಕಿಕೊಳ್ಳುತ್ತೆ. ಆ ಸ್ಲೈಡಿನ ತಳ ಮತ್ತು ಅದು ಜಾರೋ ಜಾಗವನ್ನು ಹದವಾಗಿ ನುಣುಪು ಮಾಡಿಸಿ. ತೂಕ ಹೆಚ್ಚು ಇಳಿಯದಿದ್ದರೂ ಎಳೆತದ ಒರಟು ಹೋಗುತ್ತೆ. ಬಿಗಿ ಅಂತ ನಾವು ಬೈಯೋದು ಬಹಳ ಸಲ ಈ ಒರಟನ್ನೇ.

ಖಡಕಿ ಕಡೆಯವ:
ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ದಯವಿಟ್ಟು ಮನೆಯಲ್ಲಿ ಸೈಡ್ ಪ್ಲೇಟ್ (ಪಕ್ಕದ ಮುಚ್ಚಳ) ಬಿಚ್ಚಬೇಡಿ, ಪಾರ್ಸೆಲ್‌ನಲ್ಲಿ ಸ್ಪ್ರಿಂಗ್ ತರಿಸೋಕೂ ಹೋಗಬೇಡಿ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಆಯುಧ ಅಂದರೆ ಅದರ ಬಿಡಿಭಾಗಗಳೂ ಸೇರುತ್ತವೆ, ರಿಪೇರಿಗೂ ಪರೀಕ್ಷೆಗೂ ಸೆಕ್ಷನ್ 5ರ ಕೆಳಗೆ ಲೈಸೆನ್ಸ್ ಬೇಕು. ರಿಪೇರಿ ಲೈಸೆನ್ಸ್ ಇರೋ ಬಂದೂಕು ಅಂಗಡಿಯ ಮೂಲಕವೇ ತರಿಸಿ, ಅಲ್ಲೇ ಹಾಕಿಸಿ, ರಸೀದಿ ಇಟ್ಟುಕೊಳ್ಳಿ.

ಕೆಲಸ ಬಲ್ಲವರ ಕೈ ನೋಡಿದರೇ ಗೊತ್ತಾಗುತ್ತೆ. ಹ್ಯಾಮರ್ ಎತ್ತಿ, ಮೇನ್‌ಸ್ಪ್ರಿಂಗಿನ ಕಡ್ಡಿಯಲ್ಲಿರೋ ಸಣ್ಣ ತೂತಿಗೆ ಪಿನ್ ತೂರಿಸಿ, ಹ್ಯಾಮರನ್ನು ನಿಧಾನ ಇಳಿಸ್ತಾರೆ. ಸ್ಪ್ರಿಂಗ್ ಒತ್ತಿಕೊಂಡೇ ಕಡ್ಡಿ ಸಮೇತ ಕೈಗೆ ಬರುತ್ತೆ. ರಿಬೌಂಡ್ ಸ್ಲೈಡ್ ಎತ್ತುವಾಗ ಅದರ ಸ್ಪ್ರಿಂಗಿಗೆ ಬೆರಳು ಅಡ್ಡ ಇಟ್ಟಿರ್ತಾರೆ, ಇಲ್ಲದಿದ್ದರೆ ಅದು ಚಿಮ್ಮಿ ಗೋಡೆಗೆ ಹೊಡೆಯುತ್ತೆ.

ಚಿಂಚವಡದವ:
ತುಂಬ ಉಪಕಾರ ಆಯ್ತು. ಪೂರ್ಣ ಬಲದ ಮೇನ್‌ಸ್ಪ್ರಿಂಗ್, 15ರ ರಿಬೌಂಡ್ ಅಂತಲೇ ಅಂಗಡಿಯಲ್ಲಿ ಹೇಳ್ತೀನಿ. ಇನ್ನೊಂದೇ ಅನುಮಾನ: ಮುಂದೆ ಇದರಲ್ಲೇ ಬಾಲೇವಾಡಿ ರೇಂಜಿನಲ್ಲಿ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆ ಹೊಡೆಯೋ ಆಸೆಯಿದೆ. ಟ್ರಿಗರ್ ತೂಕದ ನಿಯಮ ಏನು?

ಗುರಿಕಾರ, ಪುಣೆ:
ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಅದಕ್ಕೆ ಕನಿಷ್ಠ 1000 ಗ್ರಾಂ. ನಳಿಗೆ ನೆಟ್ಟಗೆ ಮೇಲೆ ಮಾಡಿ, ಟ್ರಿಗರಿಗೆ ತೂಕ ಸಿಕ್ಕಿಸಿ ಎತ್ತಿಸ್ತಾರೆ, ಹ್ಯಾಮರ್ ಬೀಳಬಾರದು. ಆದ್ದರಿಂದ ಸಿಂಗಲ್ ಆಕ್ಷನ್‌ನ ಕಚ್ಚನ್ನು (ಕೈಯಿಂದ ಎತ್ತಿದ ಹ್ಯಾಮರನ್ನು ಹಿಡಿದಿಡೋ ಅಂಚನ್ನು) ಯಾರೂ ಅರೆಯದ ಹಾಗೆ ನೋಡಿಕೊಳ್ಳಿ. ಅಲ್ಲಿ ಲೋಹ ಹೋದರೆ ಮತ್ತೆ ಬರಲ್ಲ, ಹ್ಯಾಮರ್ ತಾನಾಗಿ ಜಾರೋ ಅಪಾಯವೂ ಇದೆ. ಸ್ಪ್ರಿಂಗ್ ಹಾಕಿಸಿದ ಮೇಲೆ ಒಂದು ಡಬ್ಬಿ ಕಾಡತೂಸು ಪೂರ್ತಿ ಡಬಲ್ ಆಕ್ಷನ್‌ನಲ್ಲೇ ಹಾರಿಸಿ. ಹ್ಯಾಮರ್ ಹಿಂದಕ್ಕೆ ಹೋಗೋ ದೂರ ಅಲ್ಲಿ ಕಡಿಮೆ, ಏಟೂ ಮೆತ್ತಗೆ. ಹಾಗಾಗಿ ಕೊರತೆ ಇದ್ದರೆ ಅಲ್ಲೇ ಮೊದಲು ಕಾಣುತ್ತೆ. ಒಂದು ತಪ್ಪಿದರೂ ಇಲ್ಲಿ ಬರೆಯಿರಿ, ಕಾಡತೂಸುಗಳ ತಳದ ಫೋಟೋ ಸಮೇತ.