ಬೆಳಕಿಂದಲೇ ಬದುಕುವ ಗಿಡ ಬಿಸಿಲಿಗೆ ಬಿಳಿಚಿಕೊಳ್ಳುವುದು ಯಾಕೆ?

ತಾರಸಿತೋಟ:
ಒಳಗೆ ನೆರಳಲ್ಲಿದ್ದ ಮನಿ ಪ್ಲಾಂಟನ್ನು ಮಾರ್ಚ್‌ನಲ್ಲಿ ತಾರಸಿಗೆ ತಂದಿಟ್ಟೆ. ಮಣ್ಣು ಒದ್ದೆಯಾಗೇ ಇದೆ. ಆದರೂ ಬಿಸಿಲಿಗೆ ಮುಖ ಮಾಡಿದ ಎಲೆಗಳು ಬಿಳಿಚಿ, ನಡುವೆ ಕಾಗದದ ಹಾಗೆ ಒಣಗಿವೆ. ಅವುಗಳ ಅಡಿಯಲ್ಲಿ ಮುಚ್ಚಿಕೊಂಡಿದ್ದ ಎಲೆಗಳು ಮಾತ್ರ ಹಸಿರಾಗೇ ಇವೆ. ಪಕ್ಕದ ದಾಸವಾಳಕ್ಕೆ ಏನೂ ಆಗಿಲ್ಲ. ನೀರಿನ ಕೊರತೆ ಅಲ್ಲ ಅಲ್ವಾ?

ಹಸಿರೆಲೆ:
ನೀರಿನದಲ್ಲ, ಬೆಳಕಿನದೇ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧದಷ್ಟನ್ನೂ ಎಷ್ಟೋ ಗಿಡಗಳ ಎಲೆ ಬಳಸಿಕೊಳ್ಳಲಾರದು, ನೆರಳಿನ ಗಿಡ ಅಂದರೆ ಇನ್ನೂ ಕಡಿಮೆ. ಸಕ್ಕರೆ ತಯಾರಿಸುವ ವೇಗಕ್ಕೆ ಮಿತಿ ಇದೆ, ಆದರೆ ಪತ್ರಹರಿತ್ತು ಬೆಳಕು ಹೀರುವುದನ್ನು ನಿಲ್ಲಿಸುವುದಿಲ್ಲ. ಮಿಕ್ಕ ಶಕ್ತಿ ಅಲ್ಲೇ ಇರುವ ಆಕ್ಸಿಜನ್‌ಗೆ ದಾಟಿದರೆ, ಆ ಆಕ್ಸಿಜನ್ ಸುತ್ತಲಿನ ಪ್ರೋಟೀನು, ಪೊರೆ, ಪತ್ರಹರಿತ್ತು ಎಲ್ಲವನ್ನೂ ಹಾಳುಮಾಡುತ್ತದೆ.

ಇದಕ್ಕೆ ಎಲೆಯಲ್ಲೇ ಒಂದು ಏರ್ಪಾಡಿದೆ. ಬೆಳಕು ಜಾಸ್ತಿಯಾದಾಗ ಕ್ಲೋರೋಪ್ಲಾಸ್ಟ್ (ಜೀವಕೋಶದೊಳಗೆ ಪತ್ರಹರಿತ್ತು ಇರುವ ಪುಟ್ಟ ಭಾಗ) ಒಳಗಿನ ಪೊರೆಚೀಲಗಳಲ್ಲಿ ಪ್ರೋಟಾನುಗಳು ತುಂಬಿ ಒಳಗೆಲ್ಲ ಆಮ್ಲೀಯವಾಗುತ್ತದೆ. ಅದೇ ಸೂಚನೆ. ಕೆಲವೇ ನಿಮಿಷಗಳಲ್ಲಿ ವಯೊಲಾಕ್ಸಾಂಥಿನ್ ಅನ್ನುವ ಹಳದಿ ಬಣ್ಣದ ವಸ್ತು ಝಿಯಾಕ್ಸಾಂಥಿನ್ ಆಗಿ ಬದಲಾಗುತ್ತದೆ, ಅದರ ನೆರವಿನಿಂದ ಹೆಚ್ಚಿನ ಶಕ್ತಿ ಶಾಖವಾಗಿ ಹೊರಗೆ ಹೋಗುತ್ತದೆ. ಬಿಸಿಲಲ್ಲೇ ಬೆಳೆದ ದಾಸವಾಳದ ಎಲೆಯಲ್ಲಿ ಈ ಬಣ್ಣಗಳ ದಾಸ್ತಾನು ಜಾಸ್ತಿ, ನೆರಳಲ್ಲಿ ಬಲಿತ ಎಲೆಯಲ್ಲಿ ಕಡಿಮೆ.

ಮಲೆನಾಡಿಗ:
ಇನ್ನೊಂದು ಸೇರಿಸುತ್ತೇನೆ. ಎಲೆಯ ಮೇಲೆ ಸೀಳಿರುವ ಕಪ್ಪು ಕಾಗದ ಇಟ್ಟು ಜೋರಾದ ನೀಲಿ ಬೆಳಕು ಬಿಟ್ಟರೆ, ಎಷ್ಟೋ ಗಿಡಗಳಲ್ಲಿ ಸ್ವಲ್ಪ ಹೊತ್ತಿಗೆ ಸೀಳಿನ ಜಾಗದಲ್ಲಿ ತಿಳಿಹಸಿರು ಪಟ್ಟೆ ಮೂಡುತ್ತದೆ. ಪತ್ರಹರಿತ್ತು ನಾಶವಾಗಿರುವುದಿಲ್ಲ. ಕ್ಲೋರೋಪ್ಲಾಸ್ಟುಗಳು ಜೀವಕೋಶದ ಪಕ್ಕದ ಗೋಡೆಗೆ ಸರಿದು ಒಂದರ ಹಿಂದೊಂದು ನಿಂತಿರುತ್ತವೆ, ಬೆಳಕು ನಡುವೆ ತೂರಿ ಹೋಗುತ್ತದೆ. ಬೆಳಕು ತಗ್ಗಿದರೆ ವಾಪಸ್ ಬರುತ್ತವೆ. ಬೇರೂರಿ ನಿಂತ ಗಿಡದೊಳಗೆ ಇಷ್ಟೊಂದು ಓಡಾಟ!

ಬೀಜಬುಟ್ಟಿ:
ಈ ರಕ್ಷಣೆಗೆ ಗಿಡ ಬೆಲೆಯನ್ನೂ ಕೊಡುತ್ತದೆ. ಶಾಖ ಬಿಡುವ ಏರ್ಪಾಡು ಬೇಗ ಶುರುವಾಗುತ್ತದೆ, ನಿಲ್ಲುವುದು ನಿಧಾನ. ಮೋಡ ಅಡ್ಡ ಬಂದು ನೆರಳಾದ ಮೇಲೂ ಬೇಕಾದ ಬೆಳಕನ್ನೇ ಸುಮ್ನೆ ಕಳೆದುಕೊಳ್ಳುತ್ತಿರುತ್ತದೆ. 2016ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರೂ ಜೊತೆಗಾರರೂ ತಂಬಾಕಿನಲ್ಲಿ 3 ಜೀನ್‌ಗಳನ್ನು ಹೆಚ್ಚಿಸಿ ಇದು ಬೇಗ ನಿಲ್ಲುವಂತೆ ಮಾಡಿದಾಗ, ಹೊಲದಲ್ಲಿ ಗಿಡಗಳ ಒಣತೂಕ ಸುಮಾರು 15% ಹೆಚ್ಚಾಯಿತು. ಬೆಳೆ ಸುಧಾರಣೆ ಅಂದರೆ ಗೊಬ್ಬರ, ನೀರು ಅಷ್ಟೇ ಅಂದುಕೊಂಡವರು ಇದನ್ನು ಗಮನಿಸಲೇಬೇಕು.

ತಾರಸಿತೋಟ:
ಎಲ್ಲರಿಗೂ ಥ್ಯಾಂಕ್ಸ್. ಈಗ ಗಿಡಕ್ಕೆ ಏನು ಮಾಡಲಿ?

ಹಸಿರೆಲೆ:
ಒಣಗಿದ ಭಾಗ ಮತ್ತೆ ಹಸಿರಾಗುವುದಿಲ್ಲ. ಕುಂಡವನ್ನು ನೆರಳಿಗೆ ಸರಿಸಿ, ಬೇಕಿದ್ದರೆ ಬೆಳಗಿನ ಎಳೆಬಿಸಿಲು ಮಾತ್ರ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ. ಹೊಸದಾಗಿ ಬಿಡುವ ಎಲೆಗಳು ಆ ಬೆಳಕಿಗೆ ತಕ್ಕಂತೆ ತಯಾರಾಗಿಯೇ ಬರುತ್ತವೆ.